ಕಾದಂಬರಿಯ ಹಂದರ

ಕಾದಂಬರಿಯ ಹಂದರ ಎಂದರೆ ಕಾದಂಬರಿಯೊಂದರ ಘಟನೆಗಳು, ಪಾತ್ರಗಳು, ಕಾಲ ಮತ್ತು ಸ್ಥಳಗಳನ್ನು ಯಾವ ಕ್ರಮದಲ್ಲಿ, ಯಾವ ಸಂಬಂಧದಲ್ಲಿ ಜೋಡಿಸಬೇಕು ಎಂಬುದರ ಯೋಜನೆ. ಬರವಣಿಗೆಗೆ ಮೊದಲು ಲೇಖಕರು ಹಾಕಿಕೊಳ್ಳುವ ಟಿಪ್ಪಣಿ, ಅಧ್ಯಾಯಗಳ ಪಟ್ಟಿ, ವಂಶವೃಕ್ಷ, ನಕ್ಷೆ ಇವೆಲ್ಲ ಹಂದರದ ಬಾಹ್ಯ ರೂಪಗಳು. ಬರೆಯುತ್ತ ಹೋದಂತೆ ಈ ಯೋಜನೆ ಬದಲಾಗುವುದು ಸಾಮಾನ್ಯ. ಆದ್ದರಿಂದ ಮುದ್ರಿತ ಕೃತಿಯಲ್ಲಿ ಕಾಣುವ ರಚನೆಯನ್ನೂ ಅದಕ್ಕೆ ಮೊದಲು ಲೇಖಕರು ಹಾಕಿಕೊಂಡಿದ್ದ ಹಂದರವನ್ನೂ ಒಂದೇ ಎಂದು ಭಾವಿಸಲಾಗದು.

ಹಂದರವು ಕಥೆಯ ಸಾರಾಂಶವಲ್ಲ. ಏನು ನಡೆಯಿತು ಎಂಬುದನ್ನು ಸಾರಾಂಶ ಹೇಳುತ್ತದೆ. ಅದು ಓದುಗರಿಗೆ ಯಾವಾಗ, ಯಾರ ಮೂಲಕ, ಯಾವುದರ ನಂತರ ತಿಳಿಯಬೇಕು ಎಂಬುದನ್ನು ಹಂದರ ನಿರ್ಧರಿಸುತ್ತದೆ. ಕಥೆ ಎಲ್ಲಿಂದ ಆರಂಭವಾಗಬೇಕು, ಕಾಲವನ್ನು ಯಾವ ಅಳತೆಯಿಂದ ಅಳೆಯಬೇಕು ಎಂಬ ಎರಡು ಆಯ್ಕೆಗಳು ಕೇವಲ ತಾಂತ್ರಿಕವಾಗಿ ತೋರಿದರೂ ಕೃತಿಯ ಅರ್ಥವನ್ನೇ ಬದಲಿಸಬಲ್ಲವು.

ಪರಿಕಲ್ಪನೆಯ ಹಿನ್ನೆಲೆ

ಭಾರತೀಯ ಕಾವ್ಯಮೀಮಾಂಸೆಯಲ್ಲಿ ಕಥಾವಸ್ತುವಿನ ವಿನ್ಯಾಸದ ಚರ್ಚೆ ನಾಟಕವನ್ನು ಆಧರಿಸಿ ಬೆಳೆಯಿತು. ನಾಟ್ಯಶಾಸ್ತ್ರ ಮತ್ತು ಧನಂಜಯನ ದಶರೂಪಕಗಳು ಇತಿವೃತ್ತವನ್ನು ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ ಎಂಬ ಐದು ಸಂಧಿಗಳಾಗಿ ವಿಂಗಡಿಸುತ್ತವೆ. ಮುಖ್ಯ ಕಥೆ ಆಧಿಕಾರಿಕ; ಅದಕ್ಕೆ ಪೂರಕವಾಗಿ ಬರುವುದು ಪ್ರಾಸಂಗಿಕ. ಪ್ರಾಸಂಗಿಕದಲ್ಲಿ ದೂರದವರೆಗೆ ಸಾಗುವ ಉಪಕಥೆಗೆ ಪತಾಕಾ ಎಂದೂ ಚಿಕ್ಕದಕ್ಕೆ ಪ್ರಕರಿ ಎಂದೂ ಹೆಸರು. ಉಪಕಥೆ ಎಷ್ಟು ದೂರ ಹೋಗಬಹುದು, ಎಲ್ಲಿ ಮುಖ್ಯ ಕಥೆಗೆ ಸೇರಬೇಕು ಎಂಬ ಇಂದಿನ ಕಾದಂಬರಿಕಾರರ ಸಮಸ್ಯೆಗೆ ಈ ವಿಂಗಡಣೆ ಈಗಲೂ ಉಪಯುಕ್ತ.

ಪಶ್ಚಿಮದಲ್ಲಿ ಅರಿಸ್ಟಾಟಲನ ಕಾವ್ಯಮೀಮಾಂಸೆಯಿಂದ ಈ ಚರ್ಚೆ ಮೊದಲಾಗುತ್ತದೆ. ಇ. ಎಂ. ಫಾರ್ಸ್ಟರ್ 1927ರಲ್ಲಿ ಪ್ರಕಟವಾದ ತಮ್ಮ ಉಪನ್ಯಾಸಗಳಲ್ಲಿ ಕಾಲಕ್ರಮದಲ್ಲಿ ಹೇಳುವ ಕಥೆಗೂ ಕಾರ್ಯಕಾರಣದಿಂದ ಬೆಸೆದ ಸಂವಿಧಾನಕ್ಕೂ ಇರುವ ಭೇದವನ್ನು ಗುರುತಿಸಿದರು. ಲೇಖಕರ ಹಂದರಗಳೂ ಕೆಲವು ಉಳಿದುಬಂದಿವೆ. ಮಾಸಿಕ ಕಂತುಗಳಲ್ಲಿ ಬರೆಯುತ್ತಿದ್ದ ಚಾರ್ಲ್ಸ್ ಡಿಕನ್ಸ್, 'ಡೊಂಬಿ ಆ್ಯಂಡ್ ಸನ್' (1846–48) ಕಾದಂಬರಿಯಿಂದ ಮುಂದೆ ಪ್ರತಿ ಕಂತಿಗೂ ಒಂದು ಹಾಳೆಯಲ್ಲಿ ಯೋಜನೆ ಬರೆದಿಡುತ್ತಿದ್ದರು. ಹಾಳೆಯ ಒಂದು ಬದಿಯಲ್ಲಿ ತಮಗೆ ತಾವೇ ಕೇಳಿಕೊಂಡ ಪ್ರಶ್ನೆಗಳು, ಇನ್ನೊಂದು ಬದಿಯಲ್ಲಿ ಅಧ್ಯಾಯಗಳ ವಿವರ. ಅಮೆರಿಕದ ವಿಲಿಯಂ ಫಾಕ್ನರ್ 'ಎ ಫೇಬಲ್' (1954) ಕಾದಂಬರಿಯ ಹಂದರವನ್ನು ವಾರದ ದಿನಗಳ ಶೀರ್ಷಿಕೆ ಕೊಟ್ಟು ತಮ್ಮ ಕೋಣೆಯ ಗೋಡೆಯ ಮೇಲೆಯೇ ಬರೆದುಕೊಂಡರು. ಆ ಗೋಡೆಯನ್ನು ಇಂದಿಗೂ ಕಾಪಾಡಲಾಗಿದೆ.

ಕನ್ನಡ ಕಾದಂಬರಿಯಲ್ಲಿ

ಕನ್ನಡದಲ್ಲಿ ಹಂದರದ ಮಾದರಿಗಳು ಸೂತ್ರಗಳಿಂದ ಬಂದುದಕ್ಕಿಂತ ವಸ್ತುವಿನಿಂದಲೇ ಹುಟ್ಟಿದುದು ಹೆಚ್ಚು. ಅವುಗಳಲ್ಲಿ ಗಟ್ಟಿಯಾದುದು ತಲೆಮಾರಿನ ಹಂದರ. ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' (1941) ರಾಮ ಐತಾಳ, ಅವನ ಮಗ ಲಚ್ಚ, ಮೊಮ್ಮಗ ರಾಮ ಎಂಬ ಮೂರು ತಲೆಮಾರುಗಳ ಮೇಲೆ ನಿಂತಿದೆ. ಮೇಲ್ನೋಟಕ್ಕೆ ಇದು ಗಂಡಸರ ಸಾಲು. ಆದರೆ ಒಂದು ತಲೆಮಾರನ್ನು ಇನ್ನೊಂದಕ್ಕೆ ಕಟ್ಟುವವರು ಪಾರ್ವತಿ, ಸರಸೋತಿ, ನಾಗವೇಣಿಯರು. ಮಗ ಮನೆಯನ್ನು ಕಳೆಯುವ ಕಾಲದಲ್ಲಿ ಕಾದಂಬರಿ ಮುರಿದು ಬೀಳದಿರುವುದು ಈ ಹೆಂಗಸರ ದುಡಿಮೆಯಿಂದ. ಕಾರಂತರು ಬಹಳ ವೇಗವಾಗಿ ಬರೆಯುತ್ತಿದ್ದವರೆಂಬುದು ಪ್ರಸಿದ್ಧ. ಹಂದರವೆಂದರೆ ಕಾಗದದ ಮೇಲಿನ ಪಟ್ಟಿಯೇ ಆಗಬೇಕಿಲ್ಲ, ತಿಳಿದ ಬದುಕಿನ ಕ್ರಮವೇ ಆ ಕೆಲಸ ಮಾಡಬಹುದು ಎಂಬುದಕ್ಕೆ ಈ ಕೃತಿ ನಿದರ್ಶನ.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಏಕನಾಯಕನನ್ನು ಬಿಟ್ಟುಕೊಟ್ಟ ಬೃಹತ್ ಕಾದಂಬರಿ. ಗುತ್ತಿ ಮತ್ತು ತಿಮ್ಮಿ, ಐತ ಮತ್ತು ಪೀಂಚಲು, ಮುಕುಂದಯ್ಯ ಮತ್ತು ಚಿನ್ನಮ್ಮ ಹೀಗೆ ಹಲವು ಜೋಡಿಗಳ ಕಥೆ ಪರಸ್ಪರ ಹೆಣೆದುಕೊಂಡಿದೆ. ಇಷ್ಟು ಪಾತ್ರಗಳನ್ನು ಒಂದುಗೂಡಿಸುವುದು ಕಾಡಿನ ಹಾದಿಗಳು. ತನ್ನ ನಾಯಿ ಹುಲಿಯನೊಂದಿಗೆ ನಡೆಯುವ ಗುತ್ತಿ ಒಂದು ಮನೆಯ ಸುದ್ದಿಯನ್ನು ಇನ್ನೊಂದು ಮನೆಗೆ ಒಯ್ಯುತ್ತಾನೆ. ಅವನ ಹಿಂದೆ ಓದುಗರೂ ಹೋಗುತ್ತಾರೆ.

ಎಸ್. ಎಲ್. ಭೈರಪ್ಪನವರ 'ಪರ್ವ' (1979) ಎಲ್ಲರಿಗೂ ಗೊತ್ತಿರುವ ಮಹಾಭಾರತದ ಕಥೆಯನ್ನು ಯುದ್ಧದ ಹೊಸ್ತಿಲಿನಿಂದ ಆರಂಭಿಸುತ್ತದೆ. ಮದ್ರದ ಮುದಿ ಶಲ್ಯನಿಂದ ಮೊದಲುಗೊಂಡು ಕುಂತಿ, ಭೀಮ, ದ್ರೌಪದಿ ಮೊದಲಾದವರ ನೆನಪುಗಳ ಮೂಲಕ ಹಿಂದಿನದು ತೆರೆದುಕೊಳ್ಳುತ್ತದೆ. ಮುಂದೇನು ಎಂಬ ಕುತೂಹಲಕ್ಕೆ ಇಲ್ಲಿ ಎಡೆಯಿಲ್ಲ. ಅದರ ಬದಲು ಏಕೆ ಹೀಗಾಯಿತು ಎಂಬ ಪ್ರಶ್ನೆ ಓದನ್ನು ನಡೆಸುತ್ತದೆ. ಬರೆಯುವ ಮೊದಲು ಲೇಖಕರು ಕೈಗೊಂಡ ದೀರ್ಘ ಅಧ್ಯಯನ ಮತ್ತು ಪ್ರವಾಸ ಈ ಹಂದರದ ಭಾಗವೇ ಆಗಿತ್ತು.

ಅಂತ್ಯ ಮೊದಲೇ ಗೊತ್ತಿರುವ ಇನ್ನೊಂದು ಬಗೆ ಐತಿಹಾಸಿಕ ಕಾದಂಬರಿ. ನಿರಂಜನರ 'ಚಿರಸ್ಮರಣೆ' (1955) ಕಾಸರಗೋಡು ಸೀಮೆಯ ಕಯ್ಯೂರಿನ ರೈತ ಹೋರಾಟವನ್ನು ಕುರಿತದ್ದು. 1943ರಲ್ಲಿ ನಾಲ್ವರು ಯುವಕರು ಗಲ್ಲಿಗೇರಿದ ಸತ್ಯವನ್ನು ಲೇಖಕರು ಬದಲಿಸುವಂತಿಲ್ಲ. ಬದಲಿಸಬಹುದಾದುದು ಅಲ್ಲಿಗೆ ತಲುಪುವ ದಾರಿಯನ್ನು ಮಾತ್ರ. ಸಾಮಾನ್ಯ ಹುಡುಗರು ಹೋರಾಟಗಾರರಾಗುವ ನಿಧಾನ ಪ್ರಕ್ರಿಯೆಗೆ ಪುಟಗಳನ್ನು ಮೀಸಲಿಟ್ಟಾಗ ಗಲ್ಲಿನ ಸುದ್ದಿ ವರದಿಯಾಗಿ ಉಳಿಯದೆ ನಷ್ಟವಾಗಿ ಓದುಗರನ್ನು ಮುಟ್ಟುತ್ತದೆ.

ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ' (1965) ಚಿಕ್ಕ ಹರಹಿನ ಬಿಗಿಯಾದ ಹಂದರ. ಅಗ್ರಹಾರದಲ್ಲಿ ಒಂದು ಹೆಣ ಬಿದ್ದಿದೆ, ಅದರ ಸಂಸ್ಕಾರವಾಗದೆ ಯಾರೂ ಉಣ್ಣುವಂತಿಲ್ಲ. ಈ ಇಕ್ಕಟ್ಟು ಗಡಿಯಾರದಂತೆ ಕೆಲಸ ಮಾಡುತ್ತದೆ. ದೇವನೂರ ಮಹಾದೇವರ 'ಕುಸುಮಬಾಲೆ' ಜನಪದ ನಿರೂಪಣೆಯ ದಾರಿ ಹಿಡಿದು, ಅಧ್ಯಾಯಗಳ ನೇರ ಸಾಲು ಎಂಬ ಕಲ್ಪನೆಯನ್ನೇ ಬಿಟ್ಟಿತು. 'ಸುಧಾ', 'ತರಂಗ'ಗಳಂಥ ವಾರಪತ್ರಿಕೆಗಳ ಧಾರಾವಾಹಿಗಳಲ್ಲಿ ಮಾತ್ರ ಹಂದರದ ಅಳತೆ ಹೊರಗಿನಿಂದ ಬರುತ್ತಿತ್ತು: ಪ್ರತಿ ವಾರ ಇಷ್ಟು ಪುಟ, ಕೊನೆಯಲ್ಲಿ ಒಂದು ಕೊಂಡಿ. ಪುಸ್ತಕವಾಗಿ ಓದುವಾಗ ಆ ಕೊಂಡಿಗಳು ಅನೇಕ ಕಡೆ ಅನವಶ್ಯಕವೆನಿಸುತ್ತವೆ.

ಮೆಡೋಸ್ ಟೇಲರ್ ಮತ್ತು ಕೃಷ್ಣಾ ತೀರ

ಪೂರ್ವಯೋಜಿತ ಹಂದರದ ಒಂದು ಹಳೆಯ ಉದಾಹರಣೆ ಇಂದಿನ ಯಾದಗಿರಿ ಮತ್ತು ರಾಯಚೂರು ಜಿಲ್ಲೆಗಳ ನೆಲಕ್ಕೆ ಸಂಬಂಧಿಸಿದೆ. ಸುರಪುರ ಸಂಸ್ಥಾನದ ಆಡಳಿತವನ್ನು 1840ರ ದಶಕದಲ್ಲಿ ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್ (1808–1876) ಇಂಗ್ಲಿಷಿನ ಕಾದಂಬರಿಕಾರನೂ ಹೌದು. ಅವನ 'ತಾರಾ' (1863), 'ರಾಲ್ಫ್ ಡಾರ್ನೆಲ್' (1865), 'ಸೀತಾ' (1872) ಎಂಬ ಮೂರು ಕಾದಂಬರಿಗಳು ಕ್ರಮವಾಗಿ 1657, 1757, 1857ರ ಸುತ್ತ ನಡೆಯುತ್ತವೆ. ಮರಾಠರ ಏಳಿಗೆ, ಪ್ಲಾಸಿ ಕದನ, ಸಿಪಾಯಿ ದಂಗೆ ಎಂಬ ಮೂರು ಘಟ್ಟಗಳನ್ನು ನೂರು ವರ್ಷಗಳ ಅಂತರದಲ್ಲಿ ನಿಲ್ಲಿಸಿದ ಈ ಹಂದರ ಅಚ್ಚುಕಟ್ಟಾದುದು. ಅದರ ದೌರ್ಬಲ್ಯವೂ ಅದೇ. ಅದು ರಾಜ್ಯಾಧಿಕಾರದ ಪಂಚಾಂಗ. ಟೇಲರ್ ಸ್ವತಃ ಬಲ್ಲ ಸುರಪುರದಲ್ಲಿ ಅರಸ ವೆಂಕಟಪ್ಪ ನಾಯಕನ ಬಂಡಾಯ ನಡೆದದ್ದು 1858ರ ಫೆಬ್ರವರಿಯಲ್ಲಿ. ಊರಿನ ಕಾಲ ಗುಂಡಗಿನ ಸಂಖ್ಯೆಗಳನ್ನು ಅನುಸರಿಸುವುದಿಲ್ಲ.

ಅವನ ಮರಣಾನಂತರ 1878ರಲ್ಲಿ ಪ್ರಕಟವಾದ 'ಎ ನೋಬಲ್ ಕ್ವೀನ್' ಚಾಂದ್‌ಬೀಬಿಯನ್ನು ಕುರಿತದ್ದು. ಕೃಷ್ಣೆಯ ಆಚೆ ದಡದ, ಈಗ ಲಿಂಗಸುಗೂರು ತಾಲೂಕಿನಲ್ಲಿರುವ ಜಲದುರ್ಗ ಮತ್ತು ಮುದಗಲ್ಲುಗಳು ಅದರಲ್ಲಿ ಕಥಾಸ್ಥಳಗಳಾಗಿ ಬರುತ್ತವೆ. ಇಲ್ಲಿ ಕಥೆ ವರ್ಷಗಳ ಲೆಕ್ಕಕ್ಕಿಂತ ಕೋಟೆ, ಹೊಳೆ, ಹಾದಿಗಳನ್ನು ಹೆಚ್ಚು ಅನುಸರಿಸುತ್ತದೆ.

ಸ್ಥಳೀಯ ಕಾಲದಿಂದ ಹಂದರ: ಸಿಂಧನೂರು, ಲಿಂಗಸುಗೂರು, ಮಸ್ಕಿ

ಒಂದೇ ಸೀಮೆಯ ವಸ್ತು ಬೇರೆ ಬೇರೆ ಕಾಲಮಾನಗಳಲ್ಲಿ ಹೇಗೆ ಬೇರೆ ಕಾದಂಬರಿಗಳಾಗಬಲ್ಲದು ಎಂಬುದನ್ನು ಅಕ್ಕಪಕ್ಕದ ಈ ಮೂರು ತಾಲೂಕುಗಳ ಉದಾಹರಣೆಯಿಂದ ತಿಳಿಯಬಹುದು. ರಾಯಚೂರು ಜಿಲ್ಲೆಯ ಬದುಕು ಶಾಂತರಸರ 'ಸಣ್ಣ ಗೌಡಸಾನಿ'ಯಂಥ ಕೃತಿಗಳ ಮೂಲಕ ಕಾದಂಬರಿಗೆ ಬಂದಿದೆ. ಕಲಬುರಗಿ ಸೀಮೆಯ ಗೀತಾ ನಾಗಭೂಷಣರ 'ಬದುಕು' ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆತಿದೆ.

ಸಿಂಧನೂರಿನ ಕಥೆಯನ್ನು ಕಾಲುವೆಯಿಂದ ಆರಂಭಿಸಬಹುದು. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಪೂರ್ಣಗೊಂಡಿತು. ಎಡದಂಡೆ ಕಾಲುವೆಯ ನೀರಿನಿಂದ ಜೋಳದ ಎರೆಭೂಮಿ ಭತ್ತದ ಗದ್ದೆಯಾಯಿತು. ಕರಾವಳಿ ಆಂಧ್ರದ ರೈತರು ಬಂದು ನೆಲೆಸಿದ ಕ್ಯಾಂಪುಗಳು ಎದ್ದವು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಪುನರ್ವಸತಿ ಕ್ಯಾಂಪುಗಳೂ ಇಲ್ಲಿಯೇ ಆದವು. ಇಂಥ ಕಾದಂಬರಿಯ ಅಳತೆಗೋಲು ನೀರು ಬಿಡುವ ದಿನ: ಅದರ ಹಿಂದೆ ಸಾಲ, ಮುಂದೆ ನಾಟಿ, ಎರಡನೆಯ ಬೆಳೆಗೆ ನೀರು ಸಿಗುವುದೋ ಇಲ್ಲವೋ ಎಂಬ ಆತಂಕ.

ಆದರೆ ಅದೇ ಕಾಲುವೆಯ ಕೊನೆಭಾಗದ ರೈತನನ್ನು ಕೇಂದ್ರಕ್ಕೆ ತಂದರೆ ಮೊದಲ ಅಧ್ಯಾಯವೇ ಬದಲಾಗುತ್ತದೆ. ಅವನ ಪಾಲಿಗೆ ಮುಖ್ಯ ಘಟನೆ ನೀರು ಬಂದದ್ದಲ್ಲ, ಬಾರದೆ ಹೋದದ್ದು. ಕಾಲುವೆಯನ್ನೇ ಕಾಣದ ಮಸ್ಕಿ, ಲಿಂಗಸುಗೂರು ಭಾಗದ ಒಣಬೇಸಾಯದ ಹಳ್ಳಿಗಳಲ್ಲಿ ವರ್ಷವನ್ನು ಎರಡಾಗಿ ಸೀಳುವುದು ಗುಳೆ. ಹಿಂಗಾರಿ ಕೈಕೊಟ್ಟರೆ ಕುಟುಂಬಗಳು ದುಡಿಮೆಗಾಗಿ ನಗರಗಳಿಗೆ ಹೊರಡುತ್ತವೆ; ಮುದುಕರೂ ಕೆಲವು ಮಕ್ಕಳೂ ಊರಲ್ಲಿ ಉಳಿಯುತ್ತಾರೆ. ಹೋದವರ ಅಧ್ಯಾಯ, ಉಳಿದವರ ಅಧ್ಯಾಯ ಎಂಬ ಜೋಡಿ ಹಂದರ ಇಲ್ಲಿ ಸಹಜವಾಗಿ ಒದಗುತ್ತದೆ. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಮಸ್ಕಿ ಭಾಗದ ರೈತರು ನಡೆಸಿದ ಧರಣಿಯನ್ನು ಮೊದಲ ಬಗೆಯ ಕಾದಂಬರಿ ಉಪಕಥೆಯಾಗಿ ತಂದೀತು. ಎರಡನೆಯದರಲ್ಲಿ ಅದೇ ಆಧಿಕಾರಿಕ ವಸ್ತು.

ಲಿಂಗಸುಗೂರು ತಾಲೂಕಿನ ಹಟ್ಟಿಯ ಕಾಲ ಇವೆರಡಕ್ಕಿಂತ ಭಿನ್ನ. 1947ರಲ್ಲಿ ಹೈದರಾಬಾದ್ ಚಿನ್ನದ ಗಣಿ ಕಂಪನಿಯಾಗಿ ಆರಂಭವಾದ ಇಲ್ಲಿನ ಉದ್ಯಮದಲ್ಲಿ ದಿನವು ಪಾಳಿಗಳಾಗಿ ಒಡೆದಿದೆ. ನೆಲದ ಮೇಲಿನ ಮನೆ, ನೆಲದಡಿಯ ಕೆಲಸ ಎಂಬ ಎರಡು ಲೋಕಗಳ ನಡುವೆ ನಿರೂಪಣೆ ಇಳಿಯುತ್ತ ಏರುತ್ತ ಸಾಗಬೇಕಾಗುತ್ತದೆ. ಪ್ರಾಚೀನ ಗಣಿಗಾರಿಕೆಯ ಕುರುಹುಗಳೂ ಇಲ್ಲಿರುವುದರಿಂದ ಆಳಕ್ಕೆ ಹೋಗುವುದೆಂದರೆ ಹಿಂದಿನ ಕಾಲಕ್ಕೆ ಹೋಗುವುದೂ ಆಗುತ್ತದೆ. ಚಿನ್ನದ ಶೋಧದಲ್ಲಿದ್ದ ಗಣಿ ಎಂಜಿನಿಯರ್ ಬೀಡನ್ 1915ರಲ್ಲಿ ಮಸ್ಕಿಯ ಬಂಡೆಶಾಸನವನ್ನು ಕಂಡುದು, ಅದರಲ್ಲಿ ಅಶೋಕ ಎಂಬ ಹೆಸರೇ ದೊರೆತು 'ದೇವಾನಾಂಪ್ರಿಯ' ಯಾರೆಂಬುದು ಖಚಿತವಾದುದು ಇದೇ ಸೀಮೆಯ ಸಂಗತಿ. ಒಂದನ್ನು ಹುಡುಕಲು ಹೊರಟವನಿಗೆ ಬೇರೊಂದು ಸಿಗುವ ಇಂಥ ಘಟನೆ ಕಾದಂಬರಿಯ ತಿರುವಿಗೆ ಯೋಗ್ಯವಾದುದು. ಆದರೆ ನಾಲ್ಕು ಶತಮಾನ, ಮೂರು ತಾಲೂಕು, ಎರಡು ಕಾಲುವೆಗಳನ್ನು ಒಂದೇ ಹಂದರದಲ್ಲಿ ತುಂಬಲು ಹೊರಟರೆ ಉಳಿಯುವುದು ಗ್ಯಾಜೆಟಿಯರ್.

ಬರೆಯುವ ಮೊದಲು

ಕಾದಂಬರಿಯ ಪೂರ್ವಸಿದ್ಧತೆಯಲ್ಲಿ ಅತ್ಯಂತ ಪ್ರಯೋಜನಕಾರಿಯಾದುದು ಕಾಲಸೂಚಿ. ಒಂದು ಸಾಲಿನಲ್ಲಿ ವರ್ಷಗಳು, ಮುಂದಿನ ಸಾಲುಗಳಲ್ಲಿ ಪ್ರತಿ ಪಾತ್ರದ ವಯಸ್ಸು, ಕೊನೆಯದರಲ್ಲಿ ಹೊರಲೋಕದ ಘಟನೆ. 1948ರ ಸೆಪ್ಟೆಂಬರ್ ಪೊಲೀಸ್ ಕಾರ್ಯಾಚರಣೆಯ ಕಾಲಕ್ಕೆ ಹತ್ತು ವರ್ಷದವಳಾದ ಹುಡುಗಿ, 1953ರಲ್ಲಿ ಅಣೆಕಟ್ಟು ಮುಗಿದಾಗ ಹದಿನೈದರವಳು. ಅವಳಿಗೆ ಆಗ ಹತ್ತು ವರ್ಷದ ಮಗನಿರಲಾರ. ಇಂಥ ತಪ್ಪುಗಳು ಹಸ್ತಪ್ರತಿಯ ನಡುವೆ ಕಾಣಿಸುವುದಿಲ್ಲ, ಕಾಲಸೂಚಿಯಲ್ಲಿ ತಕ್ಷಣ ಕಾಣುತ್ತವೆ.

ನಂತರ ದೃಶ್ಯಗಳ ಪಟ್ಟಿ. ಪ್ರತಿ ದೃಶ್ಯಕ್ಕೆ ಒಂದು ಚೀಟಿ ಮಾಡಿ ಯಾರಿಗೆ ಏನು ಬೇಕಾಗಿದೆ, ಅದಕ್ಕೆ ಅಡ್ಡಿ ಯಾವುದು, ದೃಶ್ಯ ಮುಗಿದಾಗ ಏನು ಬದಲಾಗಿದೆ ಎಂದು ಬರೆಯುವುದು ಪ್ರಚಲಿತ ಕ್ರಮ. ಏನೂ ಬದಲಾಗದ ದೃಶ್ಯವನ್ನು ಕೈಬಿಡಬಹುದು ಎನ್ನುವ ನಿಯಮವನ್ನು ಅನೇಕ ಕೈಪಿಡಿಗಳು ಹೇಳುತ್ತವೆಯಾದರೂ ಕನ್ನಡದ ದೊಡ್ಡ ಕಾದಂಬರಿಗಳು ಅದನ್ನು ಧಾರಾಳವಾಗಿ ಮುರಿದಿವೆ. ಕುವೆಂಪು ಅವರ ಕಾಡಿನ ವರ್ಣನೆಗಳನ್ನು ಆ ಜರಡಿಯಲ್ಲಿ ಹಾಕಿದರೆ ಉಳಿಯುವುದು ಕಡಿಮೆ. ಚೀಟಿಗಳ ಬದಲು ಇಂದು ಕಂಪ್ಯೂಟರಿನ ಕೋಷ್ಟಕಗಳನ್ನೂ ಬಳಸುತ್ತಾರೆ.

ಯಾರ ದೃಷ್ಟಿಯಿಂದ, ಯಾವ ಆಡುಭಾಷೆಯಲ್ಲಿ ಎಂಬ ನಿರ್ಧಾರವೂ ಈ ಹಂತದ್ದೇ. ಸಿಂಧನೂರು ಕ್ಯಾಂಪಿನ ತೆಲುಗು ಮಾತು, ಹಳ್ಳಿಯ ರಾಯಚೂರು ಕನ್ನಡ, ಕಚೇರಿಯ ಉರ್ದು ಪದಗಳು ಬೆರೆತಿರುವ ಕಡೆ ಯಾವ ಪಾತ್ರ ಯಾರೊಡನೆ ಹೇಗೆ ಮಾತಾಡುತ್ತದೆ ಎಂದು ಮೊದಲೇ ಗೊತ್ತುಮಾಡಿಕೊಳ್ಳದಿದ್ದರೆ ನೂರನೆಯ ಪುಟದ ಹೊತ್ತಿಗೆ ಎಲ್ಲರೂ ಲೇಖಕನ ಭಾಷೆಯನ್ನೇ ಆಡತೊಡಗುತ್ತಾರೆ.

ಬರೆಯುತ್ತಿರುವಾಗ

ಮೊದಲ ಕೆಲವು ಅಧ್ಯಾಯಗಳ ನಂತರ ಹಂದರಕ್ಕೂ ಬರವಣಿಗೆಗೂ ಬಿರುಕು ಕಾಣಿಸಿಕೊಳ್ಳುವುದು ಸಾಮಾನ್ಯ. ಪ್ರಕರಿಯೆಂದು ತಂದ ಪಾತ್ರ ಪತಾಕೆಯಾಗಿ ಬೆಳೆಯಬಹುದು. ಯೋಜಿಸಿದ ಅಂತ್ಯ ಪಾತ್ರಕ್ಕೆ ಒಗ್ಗದಿರಬಹುದು. ಆಗ ಬರೆದದ್ದನ್ನು ಹಂದರಕ್ಕೆ ಎಳೆಯುವುದಕ್ಕಿಂತ, ಬರೆದ ಅಧ್ಯಾಯಗಳಿಂದ ಹೊಸ ಹಂದರವನ್ನು ಹಿಮ್ಮುಖವಾಗಿ ಬರೆದುಕೊಳ್ಳುವುದು ಫಲಕಾರಿ. ಪ್ರತಿ ಅಧ್ಯಾಯಕ್ಕೆ ಎರಡು ಸಾಲು ಸಾಕು: ಇದರಲ್ಲಿ ನಡೆದದ್ದೇನು, ಇದು ಹಿಂದಿನ ಯಾವ ಅಧ್ಯಾಯದಿಂದ ಹುಟ್ಟಿತು. ಎರಡನೆಯ ಪ್ರಶ್ನೆಗೆ ಉತ್ತರ ಸಿಗದ ಅಧ್ಯಾಯಗಳು ಸ್ಥಾನ ತಪ್ಪಿರುತ್ತವೆ, ಇಲ್ಲವೆ ಅವುಗಳ ಕಾರಣ ಇನ್ನೂ ಬರೆಯದೆ ಉಳಿದಿರುತ್ತದೆ.

ನಡುಭಾಗದ ಕುಸಿತ ಮತ್ತೊಂದು ಪರಿಚಿತ ತೊಡಕು. ಆರಂಭದ ಪ್ರಶ್ನೆಯೊಂದನ್ನೇ ನಂಬಿ ಮುನ್ನೂರು ಪುಟ ಸಾಗಲಾಗದು. 'ಸಂಸ್ಕಾರ'ದಲ್ಲಿ ಹೆಣದ ಪ್ರಶ್ನೆ ನಡುವೆಯೇ ತನ್ನ ಸ್ಥಾನವನ್ನು ಪ್ರಾಣೇಶಾಚಾರ್ಯರ ಒಳತೋಟಿಗೆ ಬಿಟ್ಟುಕೊಡುತ್ತದೆ. ಕೊನೆಯ ಭಾಗದಲ್ಲಿ ಅವರು ಅಗ್ರಹಾರದ ಹೊರಗೆ ಪುಟ್ಟನ ಜೊತೆ ಅಲೆಯುತ್ತಾರೆ. ಹಂದರದ ದೃಷ್ಟಿಯಿಂದ ಇದು ಮೊದಲ ಪ್ರಶ್ನೆಯ ಒಡಲಿನಿಂದಲೇ ಎರಡನೆಯದನ್ನು ಎತ್ತುವ ವಿಧಾನ.

ಹಂದರವೇ ಬೇಡವೆನ್ನುವ ಲೇಖಕರೂ ಇದ್ದಾರೆ. ಮುಂದೇನೆಂದು ಬರೆಯುವವನಿಗೆ ತಿಳಿದುಬಿಟ್ಟರೆ ಬರವಣಿಗೆ ನಕಲು ಮಾಡಿದಂತಾಗುತ್ತದೆ ಎಂಬುದು ಅವರ ಆಕ್ಷೇಪ. ಈ ದಾರಿಯಲ್ಲಿ ಯೋಜನೆಯ ಶ್ರಮ ತಪ್ಪುವುದಿಲ್ಲ, ಅದು ಎರಡನೆಯ ಕರಡಿಗೆ ವರ್ಗಾವಣೆಯಾಗುತ್ತದೆ. ಮೊದಲ ಕರಡೇ ದೀರ್ಘ ಹಂದರವಾಗಿ, ಅದರ ಬಹುಭಾಗವನ್ನು ಮತ್ತೆ ಬರೆಯಬೇಕಾಗುತ್ತದೆ.