ಸಿದ್ದರಬೆಟ್ಟದಲ್ಲಿ ಹುಡುಕಿದವರು

ಮಧುಗಿರಿ ಕೋಟೆಗೆ ದಾರಿ ತೋರಿಸಿದ್ದು ಒಂದು ಕುರಿ. ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರ್‌ನಲ್ಲಿ ಬರೆದಿಟ್ಟ ಐತಿಹ್ಯ ಇದು. ರಾಜ ಹಿರೇಗೌಡನೆಂಬ ನಾಯಕನ ಕುರಿಯೊಂದು ಮಂದೆ ಬಿಟ್ಟು ತಪ್ಪಿಸಿಕೊಂಡಿತ್ತು. ಮರಳಿ ಸಿಕ್ಕಾಗ ಅದರ ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹಾಗಾದರೆ ಬೆಟ್ಟದ ಮೇಲೆಲ್ಲೋ ಚಿಲುಮೆಯಿದೆ ಎಂದು ಗೌಡ ಹುಡುಕಿಸಿದ, ನೀರು ಸಿಕ್ಕಿತು, ಅಲ್ಲೇ ಕೋಟೆ ಕಟ್ಟಿಸಿದ.

ನಮ್ಮ ಸೀಮೆಯ ಇತಿಹಾಸವನ್ನು ಪಾಳೇಗಾರರ ಕಾಳಗಗಳಿಂದ ಶುರುಮಾಡುವುದು ವಾಡಿಕೆ. ನನಗೆ ಈ ಕುರಿಯಿಂದ ಶುರುಮಾಡುವುದೇ ಸರಿ ಎನಿಸುತ್ತದೆ. ಸಮುದ್ರ ಮಟ್ಟದಿಂದ 3,900 ಅಡಿಗೂ ಮೇಲಿರುವ ಬೋಳು ಬಂಡೆಯ ನೆತ್ತಿಯಲ್ಲಿ ಪಡೆ ಇಟ್ಟುಕೊಳ್ಳಬೇಕಾದರೆ ಫಿರಂಗಿಗಿಂತ ಮೊದಲು ಬೇಕಾದದ್ದು ನೀರು. ಪಾವಗಡ, ಮಿಡಿಗೇಶಿ, ಚನ್ನರಾಯನದುರ್ಗ, ಯಾವ ಕೋಟೆ ಹತ್ತಿದರೂ ಬುರುಜು ನೋಡಿ ಬಂದರೆ ಸಾಲದು, ದೊಣೆ ನೋಡಬೇಕು. ಬಂಡೆಯ ತಗ್ಗಿನಲ್ಲಿ ಮಳೆನೀರು ಹಿಡಿದಿಟ್ಟ ಆ ದೊಣೆಗಳೇ ಕೋಟೆಯ ಜೀವ. 1763ರಲ್ಲಿ ಬಿದನೂರು ಗೆದ್ದ ಹೈದರಾಲಿ ಅಲ್ಲಿನ ರಾಣಿ ವೀರಮ್ಮಾಜಿಯನ್ನು ಸೆರೆಯಿಟ್ಟದ್ದು ಮಧುಗಿರಿಯಲ್ಲಿ. 1767ರಲ್ಲಿ ಮರಾಠರು ಕೋಟೆ ಹಿಡಿದು ಆಕೆಯನ್ನು ಬಿಡಿಸಿದರು. ಮಲೆನಾಡಿನ ಮಳೆಯಲ್ಲಿ ಬಾಳಿದ ಆ ಹೆಣ್ಣುಮಗಳು ಅಷ್ಟು ವರ್ಷ ಈ ಬಯಲುಸೀಮೆಯ ಬಂಡೆಯ ನೀರನ್ನೇ ಕುಡಿದಿರಬೇಕು. ಆ ಕೋಟೆ ಹತ್ತುವಾಗೆಲ್ಲ ನನಗೆ ಆಕೆಯ ನೆನಪಾಗುತ್ತದೆ.

ಬೆಟ್ಟ ಹತ್ತಿ ಏನನ್ನಾದರೂ ಹುಡುಕುವುದು ನಮ್ಮ ಸೀಮೆಯವರ ರಕ್ತದಲ್ಲೇ ಇದೆ. ನೀರು ಸಿಕ್ಕಮೇಲೆ ಕೆಲವರು ಚಿನ್ನ ಹುಡುಕಿದರು, ಕೆಲವರು ಬೇರು ಹುಡುಕಿದರು.

ನನ್ನ ಮೊಮ್ಮಗನೂ ಹುಡುಕುತ್ತಾನೆ, ಆದರೆ ಕಂಪ್ಯೂಟರಿನ ಒಂದು ಆಟದಲ್ಲಿ. ಅದರ ವೀರ ಗುಹೆ ಹೊಕ್ಕು, ಬೇರು ಕಿತ್ತು, ಸೊಪ್ಪು ಸೇರಿಸಿ ತನಗೆ ಬೇಕಾದ ಕಷಾಯ ತಾನೇ ಕಾಯಿಸಿಕೊಳ್ಳಬೇಕು. ದಾರಿಯಲ್ಲಿ ಸಿಕ್ಕ ಮುದುಕಿ ಕೇಳಿದ ಮೂಲಿಕೆ ತಂದುಕೊಡದಿದ್ದರೆ ಅವಳು ಬಾಯಿ ಬಿಡುವುದಿಲ್ಲ. "ಇದೆಲ್ಲ ಬಿಟ್ಟು ನೇರ ಹೋಗಿ ರಾಕ್ಷಸನ ಹತ್ರ ಹೊಡೆದಾಡಬಹುದು ತಾತ. ಆದ್ರೆ ಮಜಾ ಇರೋದು ಹುಡುಕೋದ್ರಲ್ಲೇ" ಎಂದ. ನಿಜ. ಇಂಥ ಆಟಗಳ ಬೇರೂ ಒಂದು ನಿಜವಾದ ಗುಹೆಯಲ್ಲೇ ಇದೆ. ಅಮೆರಿಕದ ಕೆಂಟಕಿ ರಾಜ್ಯದ ಮ್ಯಾಮತ್ ಗುಹೆಯಲ್ಲಿ ಓಡಾಡಿ ಅದರ ಒಳದಾರಿ ಬಲ್ಲ ವಿಲ್ ಕ್ರೌಥರ್ ಎಂಬ ಪ್ರೋಗ್ರಾಮರ್ 1970ರ ದಶಕದ ಮಧ್ಯದಲ್ಲಿ ಆ ಗುಹೆಯನ್ನೇ ಕಂಪ್ಯೂಟರ್ ಆಟ ಮಾಡಿದರು. 1977ರಲ್ಲಿ ಡಾನ್ ವುಡ್ಸ್ ಅದನ್ನು ಇನ್ನಷ್ಟು ಹಿಗ್ಗಿಸಿದರು. ಗುಹೆಯೊಳಗಿನ ನಿಧಿಗಳನ್ನು ಒಂದೊಂದಾಗಿ ಹೊರಗೆ ತರುವುದೇ ಆಟ.

ಆದರೆ ಗುಹೆ, ನಿಧಿ ಎಂಬ ಮಾತು ನಮ್ಮ ಕಡೆ ಆಟವಾಗಿ ಉಳಿಯಲಿಲ್ಲ. ಕೊರಟಗೆರೆ ತಾಲ್ಲೂಕಿನ ಸಿದ್ದರಬೆಟ್ಟಕ್ಕೆ ಸುವರ್ಣಗಿರಿ ಎಂಬ ಹೆಸರೂ ಇದೆ. ಸಿದ್ಧರು ಇಲ್ಲಿ ರಸವಿದ್ಯೆಯಿಂದ ಚಿನ್ನ ಮಾಡುತ್ತಿದ್ದರು, ಮೇಲಿನ ಹಾಳುಕೋಟೆ ಕುರಂಕರಾಯನದು, ಅವನ ಹೊನ್ನು ಇನ್ನೂ ನೆಲದಲ್ಲೇ ಇದೆ ಎಂಬ ಮಾತುಗಳನ್ನು ಕೇಳಿಕೊಂಡೇ ಬೆಳೆದವರು ನಾವು. ಆ ಮಾತುಗಳಿಗೆ ಬಲಿಯಾದದ್ದು ಕಲ್ಲುಗಳು. ಜನ ಓಡಾಡದ ಗುಡಿಗಳಲ್ಲಿ ಬಸವನನ್ನು ಮಗ್ಗುಲಿಗೆ ಉರುಳಿಸಿ ಪೀಠದಡಿ ಆಳುದ್ದ ಅಗೆದಿರುವುದನ್ನು ಕಂಡಿದ್ದೇನೆ. ಗುಂಡಿಯ ಅಂಚಿನಲ್ಲಿ ಕುಂಕುಮ, ಕುಯ್ದ ನಿಂಬೆಹಣ್ಣು, ಮುರಿದ ಕೊಂಬು. ಬ್ರಿಟಿಷರು 1878ರಲ್ಲೇ ನಿಧಿ ಕಾಯ್ದೆ ತಂದರು. ನೆಲದಲ್ಲಿ ಸಿಕ್ಕಿದ್ದು ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದಾದರೆ ಕಲೆಕ್ಟರಿಗೆ ಬರೆದು ತಿಳಿಸಬೇಕೆಂದು ಅದರಲ್ಲಿತ್ತು. ಸಿಕ್ಕ ನಿಧಿಯ ಮಾತನ್ನು ಅದು ಆಡಿತು. ಏನೂ ಸಿಗದೆ ಸುಮ್ಮನೆ ಒಡೆದುಹೋದ ಶಿಲ್ಪಕ್ಕೆ, ಬುಡಮೇಲಾದ ವೀರಗಲ್ಲಿಗೆ ಯಾರು ಲೆಕ್ಕ ಕೊಡಬೇಕು?

ಬೆಟ್ಟ ನಿಜವಾಗಿ ಕೊಟ್ಟದ್ದು ಮದ್ದನ್ನು. ಸಿದ್ದೇಶ್ವರನ ಗುಹೆಯಲ್ಲಿ ಬಂಡೆಯಿಂದ ಜಿನುಗುವ ನೀರಿಗಾಗಿ ಭಕ್ತರು ಹತ್ತುತ್ತಾರೆ. ನಾಟಿ ವೈದ್ಯರು ಹತ್ತುತ್ತಿದ್ದದ್ದು ಅಮೃತಬಳ್ಳಿ, ಈಶ್ವರಿಬಳ್ಳಿ, ಸೊಗದೆಬೇರು, ನೆಲಬೇವು, ಅಳಲೆಕಾಯಿ, ಮಧುನಾಶಿನಿಗಾಗಿ. ನಮ್ಮಪ್ಪ ಅಂಥವರಲ್ಲಿ ಒಬ್ಬರು. ಅವರ ಹಿಂದೆ ಬುಟ್ಟಿ ಹೊತ್ತು ಹೋಗುತ್ತಿದ್ದವನು ನಾನು.

ಆ ಕಸುಬಿಗೆ ಅದರದೇ ಕಟ್ಟುಪಾಡುಗಳಿದ್ದವು. ಬೇಕಾದ ಗಿಡವನ್ನು ಹಿಂದಿನ ಸಂಜೆಯೇ ಗುರುತು ಹಿಡಿದು, ಅರಿಶಿನದ ದಾರ ಕಟ್ಟಿ, ಅಕ್ಕಿಕಾಳು ಹಾಕಿ, ಯಾರ ಕಾಯಿಲೆಗೆ ಎಂದು ಅದಕ್ಕೆ ಹೇಳಿ ಬರಬೇಕು. ಮಾರನೆಯ ದಿನ ಹೊತ್ತು ಹುಟ್ಟುವ ಮುಂಚೆ ಮಿಂದು, ದಾರಿಯಲ್ಲಿ ಯಾರ ಜೊತೆಗೂ ಮಾತಾಡದೆ ಹೋಗಬೇಕು. ನಮ್ಮ ನೆರಳು ಗಿಡದ ಮೇಲೆ ಬೀಳಕೂಡದು. ಕಬ್ಬಿಣ ಮುಟ್ಟಿಸಕೂಡದು, ಮರದ ಗೂಟದಲ್ಲೇ ಅಗೆಯಬೇಕು. ಕೆಲವು ಬೇರು ಭಾನುವಾರ ಪುಷ್ಯ ನಕ್ಷತ್ರ ಕೂಡಿದ ದಿನವೇ ಆಗಬೇಕು. ಚಿಕ್ಕಂದಿನಲ್ಲಿ ಇದು ನನಗೆ ಬರೀ ಮಡಿ ಎನಿಸಿತ್ತು. ಈಗ ಯೋಚಿಸಿದರೆ ಒಂದೊಂದು ನಿಯಮವೂ ಕೈಗೆ ಹಾಕಿದ ಕಡಿವಾಣವಾಗಿ ಕಾಣುತ್ತದೆ. ಮರದ ಗೂಟದಲ್ಲಿ ಕಲ್ಲುನೆಲ ಅಗೆದರೆ ಒಂದು ಮಗ್ಗುಲಿನ ಬೇರು ಸಿಕ್ಕೀತೇ ಹೊರತು ಬುಡ ಕೀಳಲು ಆಗದು. ಒಬ್ಬ ರೋಗಿಯ ಹೆಸರು ಹೇಳಿ ಬಂದವನು ಮೂಟೆಗಟ್ಟಲೆ ಕೀಳುವಂತಿಲ್ಲ. ರವಿಪುಷ್ಯ ತಿಂಗಳು ತಿಂಗಳೂ ಬರುವುದಿಲ್ಲ, ಅಷ್ಟರಲ್ಲಿ ಗಿಡ ಚೇತರಿಸಿಕೊಳ್ಳುತ್ತದೆ.

ಇದನ್ನು ಓದುಬರಹ ಇಲ್ಲದವರ ವಿದ್ಯೆಯೆಂದು ತಳ್ಳಿಹಾಕುವವರು ನಮ್ಮ ಹಳೆಯ ಪುಸ್ತಕಗಳ ಕಡೆ ನೋಡಬೇಕು. ಸುಮಾರು 900 ವರ್ಷಗಳ ಹಿಂದೆಯೇ ಕೀರ್ತಿವರ್ಮ ದನಕರುಗಳ ಚಿಕಿತ್ಸೆಯ ಬಗ್ಗೆ ಕನ್ನಡದಲ್ಲಿ 'ಗೋವೈದ್ಯ' ಬರೆದ. 14ನೇ ಶತಮಾನದಲ್ಲಿ ಮಂಗರಾಜ ವಿಷವೈದ್ಯಕ್ಕೆಂದೇ 'ಖಗೇಂದ್ರಮಣಿದರ್ಪಣ' ರಚಿಸಿದ. ಕಾಡಿನ ಅರಿವು ಓಲೆಗರಿಗೆ ಏರಿದ್ದಕ್ಕೆ ಇವು ಸಾಕ್ಷಿ.

ಮೊಮ್ಮಗನನ್ನು ಒಮ್ಮೆ ಬೆಟ್ಟಕ್ಕೆ ಕರೆದೊಯ್ದೆ. ಪೊದೆಗೆ ಹಬ್ಬಿದ ಮಧುನಾಶಿನಿಯ ಬಳ್ಳಿ ತೋರಿಸಿ, ಎರಡು ಎಲೆ ಕಿತ್ತು "ಅಗಿ, ಮಗ" ಎಂದೆ. ಕಹಿಗೆ ಮುಖ ಕಿವುಚಿದ. ಸ್ವಲ್ಪ ಹೊತ್ತು ಬಿಟ್ಟು ಬಾಯಿ ಮುಕ್ಕಳಿಸಿಸಿ ಒಂದು ಚೂರು ಬೆಲ್ಲ ಕೊಟ್ಟೆ. ಅವನು ಅಗಿದ, ನಿಂತ, ಮತ್ತೆ ಅಗಿದ. "ಮಣ್ಣು ತಿಂದಂಗಿದೆ ತಾತ!" ಎಲೆಯಲ್ಲಿರುವ ಜಿಮ್ನೆಮಿಕ್ ಆಮ್ಲಗಳು ನಾಲಿಗೆಗೆ ಸಿಹಿ ತಿಳಿಯದಂತೆ ಸ್ವಲ್ಪ ಹೊತ್ತು ತಡೆಯುತ್ತವೆ. ಅವನು ಆಮೇಲೆ ಇಡೀ ದಾರಿ ಪ್ರತಿ ಬಳ್ಳಿಯ ಹತ್ತಿರ ನಿಂತು ಇದೇನು, ಅದೇನು ಎಂದು ಕೇಳಿದ. ನಮ್ಮಪ್ಪನಿಗೆ ಗೊತ್ತಿದ್ದದ್ದರಲ್ಲಿ ಅರ್ಧ ಗಿಡಗಳನ್ನೂ ನಾನು ಹೇಳಲಾರದೆ ಹೋದೆ. ಆ ಸಂಕಟ ಇನ್ನೂ ಹೋಗಿಲ್ಲ.

ಬಂಡೆಯ ಸಂದಿನಲ್ಲಿ ಮಾಗಳಿ ಬಳ್ಳಿ ಇರುತ್ತದೆ. ದಕ್ಷಿಣ ಭಾರತದ ಒಣಬೆಟ್ಟಗಳದೇ ಸೊತ್ತು ಅದು. ಬೇರಿನ ಸಿಪ್ಪೆ ಹೆರೆದು, ನಡುವಿನ ನಾರು ತೆಗೆದು, ತುಂಡು ಮಾಡಿ ನಿಂಬೆರಸದಲ್ಲೋ ಮಜ್ಜಿಗೆಯಲ್ಲೋ ಹಾಕಿದರೆ ವರ್ಷವಿಡೀ ಉಪ್ಪಿನಕಾಯಿ. ಜಾಡಿಯ ಮುಚ್ಚಳ ತೆಗೆದರೆ ಪಡಸಾಲೆಗೂ ಘಮ ಬರುತ್ತದೆ. ಒಂದು ಮನೆಯ ಜಾಡಿಗಾದರೆ ಒಂದು ಮಗ್ಗುಲಿನ ಬೇರು ಸಾಕು. ಮೂಟೆ ಲೆಕ್ಕದಲ್ಲಿ ಮಾರಾಟಕ್ಕೆ ಕೀಳುವವರು ಗಡ್ಡೆಯನ್ನೆಲ್ಲ ಹಾರೆಯಿಂದ ಮೀಟಿ ತೆಗೆಯುತ್ತಾರೆ, ಬಳ್ಳಿ ಅಲ್ಲಿಗೆ ಸತ್ತಿತು. ಬಸವನ ಪೀಠ ಅಗೆದ ಹಾರೆಯೇ ಈಗ ಬೇರಿನ ಬುಡಕ್ಕೂ ಬಂದಿದೆ. ಎರಡೂ ಗುಂಡಿಗಳಲ್ಲಿ ನನಗೆ ಒಂದೇ ದುರಾಸೆ ಕಾಣುತ್ತದೆ.

ಸಿದ್ದರಬೆಟ್ಟಕ್ಕೆ ಬರುವವರಲ್ಲಿ ನನ್ನದೊಂದು ಬೇಡಿಕೆ. ಗಿಡ ಕೀಳಬೇಡಿ. ಬೆಟ್ಟದ ತಪ್ಪಲಿನ ಊರುಗಳಲ್ಲಿ ಮೂಲಿಕೆ ಬಲ್ಲ ಹಿರಿಯರು ಇನ್ನೂ ಇದ್ದಾರೆ. ಅವರಲ್ಲಿ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಮಕ್ಕಳನ್ನೂ ಕರೆತನ್ನಿ. ಅವರು ತೋರಿಸಿದ ಗಿಡದ ಹೆಸರು, ಅದು ಸಿಗುವ ಜಾಗ, ಯಾವ ಕಾಯಿಲೆಗೆ, ಎಷ್ಟು ಕೀಳಬೇಕು ಎಂಬುದನ್ನು ಬರೆದುಕೊಳ್ಳಿ. ಅವರ ಆ ದಿನದ ಕೂಲಿಯನ್ನು ತಪ್ಪದೆ ಕೊಡಿ.