ವಾಲಗದ ಮನೆಯಿಂದ ಬಸೂನ್ ಪರೀಕ್ಷೆಗೆ

ಹೋದ ವರ್ಷ ಕಳಸದಲ್ಲಿ ಗಿರಿಜಾ ಕಲ್ಯಾಣದ ವರದಿಗೆ ಹೋಗಿದ್ದೆ. ವಾಲಗದವರು ಊಟ ಮುಗಿಸಿ ಕೂತಿದ್ದರು. ಅವರ ಜೊತೆ ಬಂದಿದ್ದ ಪಿಯುಸಿ ಹುಡುಗನೊಬ್ಬ ಹತ್ತಿರ ಬಂದು ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದ. ಆಳೆತ್ತರದ ಮರದ ಕೊಳವೆ ಹಿಡಿದು ಹೆಂಗಸೊಬ್ಬರು ಊದುತ್ತಿದ್ದರು.

"ಅಣ್ಣಾ, ಇದು ಯಾವ ವಾಲಗ? ಇದನ್ನ ಕಲಿತ್ರೆ ಯೂನಿವರ್ಸಿಟಿಗೆ ಸೇರಿಸ್ಕೊಳ್ತಾರಂತೆ, ಹೌದಾ?"

ಅವನ ಮನೆ ಇರುವುದು ಕುದುರೆಮುಖದ ದಾರಿಯಲ್ಲಿ. 2005ರ ಕೊನೆಗೆ ಕಬ್ಬಿಣದ ಅದಿರಿನ ಗಣಿ ನಿಂತ ಮೇಲೆ ಆ ಕಡೆಯ ಹುಡುಗರಿಗೆ ಓದಿಗಾಗಲಿ, ಕೆಲಸಕ್ಕಾಗಲಿ ಊರು ಬಿಡದೆ ದಾರಿಯಿಲ್ಲ. ಹಾಗಾಗಿ ಅವನ ಪ್ರಶ್ನೆಯನ್ನು ನಗೆಯಾಡಿ ಬಿಡಲು ಮನಸ್ಸಾಗಲಿಲ್ಲ.

ಆ ವಾದ್ಯದ ಹೆಸರು ಬಸೂನ್. ಯುರೋಪಿನದು. ಒಳಗಿನ ಕೊಳವೆಯನ್ನು ನೇರ ಮಾಡಿದರೆ ಸುಮಾರು 8 ಅಡಿ ಉದ್ದ. ಹಿಡಿಯಲು ಆಗಲಿ ಎಂದು ಅದನ್ನು ಎರಡಾಗಿ ಮಡಚಿದ್ದಾರೆ. ನೋಡಲು ದೂರದ್ದು, ಆದರೆ ದನಿ ಹುಟ್ಟುವ ಜಾಗ ನೋಡಿದರೆ ನಮ್ಮ ನಾಗಸ್ವರದ ದಾಯಾದಿ. ಎರಡರಲ್ಲೂ ಬಾಯಿಗೆ ಇಡುವುದು ಹುಲ್ಲುದಂಟಿನಿಂದ ಮಾಡಿದ ಜೋಡಿ ನಾಲಗೆ. ಅದನ್ನು ಒದ್ದೆ ಮಾಡಿ, ಹದ ನೋಡಿ, ತುಟಿಯಿಂದ ಹಿಡಿದು ಊದಬೇಕು.

ಹೊರದೇಶದ ವಿಶ್ವವಿದ್ಯಾಲಯಗಳಲ್ಲಿ ಬಸೂನ್ ಸೀಟಿಗೆ ಬರೀ ಅಂಕಪಟ್ಟಿ ಸಾಲದು. ಮೇಷ್ಟ್ರ ಮುಂದೆ ಊದಿ ತೋರಿಸಬೇಕು. ಅದೇ ಆಡಿಷನ್. ಸಾಮಾನ್ಯವಾಗಿ ಸ್ವರಶ್ರೇಣಿಗಳನ್ನು ಕೇಳುತ್ತಾರೆ, ಬೇರೆ ಬೇರೆ ಬಗೆಯ ಎರಡು ಕೃತಿ ಕೇಳುತ್ತಾರೆ. ಮೊಜಾರ್ಟ್ 1774ರಲ್ಲಿ, ತನ್ನ 18ನೇ ವಯಸ್ಸಿನಲ್ಲಿ ಬರೆದ ಬಸೂನ್ ಕಾನ್ಸರ್ಟೊ ಈಗಲೂ ಇಂಥ ಕಡೆ ಕೇಳಿಬರುತ್ತದೆ. ಕೊನೆಗೆ, ಮೊದಲೆಂದೂ ನೋಡಿರದ ಹಾಳೆಯೊಂದನ್ನು ಮುಂದಿಟ್ಟು ಓದಿಕೊಂಡೇ ಊದಿ ಅನ್ನುತ್ತಾರೆ.

ಇಂಥ ಪರೀಕ್ಷೆ ನಮ್ಮ ನಾಡಿಗೆ ಹೊಸತಲ್ಲ. ಮೈಸೂರು ಅರಮನೆಯಲ್ಲಿ ಕರ್ನಾಟಕ ಸಂಗೀತದ ವಿದ್ವಾಂಸರ ಜೊತೆಗೆ ಪಾಶ್ಚಾತ್ಯ ಬ್ಯಾಂಡ್ ಕೂಡ ಇತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಜರ್ಮನಿಯ ಒಟ್ಟೊ ಸ್ಮಿತ್ ಅಲ್ಲಿನ ಆರ್ಕೆಸ್ಟ್ರಾ ನಡೆಸುತ್ತಿದ್ದರು. ಮುಂದೆ 1940ರಲ್ಲಿ ಪಟ್ಟಕ್ಕೆ ಬಂದ ಜಯಚಾಮರಾಜ ಒಡೆಯರಿಗೆ ಪಿಯಾನೊ ವಾದಕರಾಗುವ ಆಸೆಯಿತ್ತು. ರಾಜ್ಯಭಾರ ಹೆಗಲಿಗೆ ಬಿದ್ದ ಮೇಲೂ ಕಲಿಕೆ ಬಿಡದೆ, 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದರು. 1950ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳು ಮೊದಲ ಸಲ ಕೇಳಿಸಿದ್ದು ಈ ಮಹಾರಾಜರ ಹಣದ ನೆರವಿನಿಂದ.

ರಾಜರಿಗೆ ಪಿಯಾನೊ ಇತ್ತು, ಕಲಿಸುವವರೂ ಇದ್ದರು. ವಾಲಗದ ಮನೆಯ ಮಕ್ಕಳಿಗೆ?

ಕುದುರೆಮುಖದ ಘಾಟಿ ಇಳಿದು ಕಾರ್ಕಳ ದಾಟಿ ಮುಂದೆ ಹೋದರೆ ಬಂಟ್ವಾಳ ಸಿಗುತ್ತದೆ. ಆ ತಾಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದವರು ಕದ್ರಿ ಗೋಪಾಲನಾಥ್. ತಂದೆ ತನಿಯಪ್ಪ ನಾಗಸ್ವರ ವಾದಕರು. ಹುಡುಗ ಕೂಡ ಮೊದಲು ಹಿಡಿದದ್ದು ನಾಗಸ್ವರವನ್ನೇ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಅದರ ಬೆನ್ನು ಬಿದ್ದರು. ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ, ಆಮೇಲೆ ಮದ್ರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿ ಕಲಿತರು. ಗುಂಡಿ ಒತ್ತಿ ನುಡಿಸುವ ವಾದ್ಯದಲ್ಲಿ ಗಮಕ ಎಳೆಯುವುದು ಸುಲಭವಲ್ಲ. ನಾಗಸ್ವರದಲ್ಲಿ ಉಸಿರು ಮತ್ತು ಬೆರಳಿನಿಂದ ಬರುವುದನ್ನು ಇದರಲ್ಲಿ ತರಲು ವರ್ಷಗಟ್ಟಲೆ ಸಾಧನೆ ಮಾಡಿದರು. 1994ರಲ್ಲಿ ಬಿಬಿಸಿಯ ಪ್ರಾಮ್ಸ್ ಉತ್ಸವದಲ್ಲಿ ಅವರು ನುಡಿಸಿದ್ದು ಅದೇ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ಮಹಾರಾಜರ ನೆರವಿನ ಕಛೇರಿ ನಡೆದು 44 ವರ್ಷಕ್ಕೆ, ವಾಲಗದ ಮನೆಯ ಮಗ ಅಲ್ಲಿ ನಿಂತಿದ್ದರು. 2004ರಲ್ಲಿ ಪದ್ಮಶ್ರೀ ಬಂತು. 2019ರಲ್ಲಿ ತೀರಿಕೊಂಡರು.

ನಮ್ಮ ಕಡೆಯವರಿಗೆ ಗೊತ್ತಿರುವ ಇನ್ನೊಂದು ಆಡಿಷನ್ ಆಕಾಶವಾಣಿಯದ್ದು. 1950ರ ದಶಕದಲ್ಲಿ, ಬಿ.ವಿ. ಕೇಸ್ಕರ್ ಮಂತ್ರಿಯಾಗಿದ್ದಾಗ, ಕಲಾವಿದರಿಗೆ ಪರೀಕ್ಷೆ ಮಾಡಿ ಗ್ರೇಡ್ ಕೊಡುವ ಪದ್ಧತಿ ಬಂತು. ನಮ್ಮನ್ನೇ ಪರೀಕ್ಷೆ ಮಾಡುವುದಾ ಎಂದು ದೊಡ್ಡ ದೊಡ್ಡ ವಿದ್ವಾಂಸರು ಸಿಟ್ಟಾದರು. ಆದರೆ ಮುಖ ನೋಡದೆ ದನಿ ಮಾತ್ರ ಕೇಳುವ ಪರೀಕ್ಷೆಯಲ್ಲಿ ಒಂದು ನ್ಯಾಯವಿದೆ. ದೇವಸ್ಥಾನದಲ್ಲಿ ವಾಲಗದವರು ಎಲ್ಲಿ ನಿಲ್ಲಬೇಕು, ಊಟಕ್ಕೆ ಯಾವ ಪಂಕ್ತಿ ಎಂದು ನೋಡುತ್ತಾ ಬೆಳೆದವರಿಗೆ ಅದು ಸಣ್ಣ ಮಾತಲ್ಲ.

ಹುಡುಗನಿಗೆ ನಾನು ಹೇಳಿದ್ದು ಇಷ್ಟು. ಅರ್ಧ ತಯಾರಿ ನಿನ್ನ ಮನೆಯಲ್ಲೇ ಆಗಿದೆ. ಚಿಕ್ಕಂದಿನಿಂದ ಒತ್ತು ಹಿಡಿದು ಶ್ರುತಿ ಕಲಿತಿದ್ದೀಯ. ನಾಲಗೆ ಸೀಳಿದರೆ ಸರಿಮಾಡಲು ಬರುತ್ತದೆ. ಮೆರವಣಿಗೆಯುದ್ದಕ್ಕೂ ಊದುವ ದಮ್ಮಿದೆ. ಇಲ್ಲದಿರುವುದು ಎರಡು. ಒಂದು, ವಾದ್ಯ. ಒಳ್ಳೆಯ ಬಸೂನ್‌ಗೆ ಲಕ್ಷಗಟ್ಟಲೆ ಬೀಳುತ್ತದೆ. ಆದರೆ ಕ್ಲಾರಿನೆಟ್ಟೋ ಸ್ಯಾಕ್ಸೊಫೋನೋ ಕಲಿತು, ಆಮೇಲೆ ಸಂಸ್ಥೆಯ ವಾದ್ಯದಲ್ಲಿ ಬಸೂನ್ ಶುರು ಮಾಡಿದವರು ಹೊರಗಡೆ ಬೇಕಾದಷ್ಟು ಜನ ಇದ್ದಾರೆ. ತಡವಾಯಿತು ಎಂದೇನಿಲ್ಲ. ಎರಡು, ಐದು ಗೆರೆಯ ಸ್ವರಲಿಪಿ ಓದುವುದು. ಕೇಳಿ ಕಲಿಯುವ ಮನೆಗಳಲ್ಲಿ ಅದರ ಅಗತ್ಯವೇ ಬಿದ್ದಿರಲಿಲ್ಲ. ಆಡಿಷನ್ನಿನಲ್ಲಿ ನಮ್ಮ ಹುಡುಗರು ಸೋತರೆ ಅಲ್ಲೇ ಸೋಲುತ್ತಾರೆ. ಅದಕ್ಕೆ ಇಂದೇ ಕೂರು.

ದೂರದ ಮಾತು ಎಂದು ಕಂಡರೆ, ಮೈಸೂರಿನಲ್ಲೇ ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ವಿಶ್ವವಿದ್ಯಾಲಯವಿದೆ, ಮೊದಲು ಅಲ್ಲಿ ವಿಚಾರಿಸು ಎಂದೂ ಹೇಳಿದೆ. ಅಷ್ಟರಲ್ಲಿ ಅವನಪ್ಪ ಕರೆದರು. ರಾತ್ರಿಯ ಉತ್ಸವಕ್ಕೆ ಹೊತ್ತಾಗಿತ್ತು.

ಕಳೆದ ತಿಂಗಳು ಅವನದೇ ಫೋನ್ ಬಂತು. ಅಂಗಡಿಯಿಂದ ಐದು ಗೆರೆಯ ನೋಟ್‌ಬುಕ್ ತರಿಸಿಕೊಂಡಿದ್ದಾನಂತೆ.

"ಅಣ್ಣಾ, ಸರಳೆ ವರಸೆ ಪೂರ್ತಿ ಆ ಗೆರೆ ಮೇಲೆ ಬರ್ದೆ. ಅಪ್ಪ ನೋಡಿ, ಇದರಲ್ಲಿ ಗಮಕ ಎಲ್ಲೋ ಅಂತ ಕೇಳಿದ್ರು."