ಹ್ಯಾಂಡಲ್‌ನಿಂದ ಸೆಲ್ಫ್‌ಗೆ: ಟ್ರ್ಯಾಕ್ಟರಿಗೆ ಬ್ಯಾಟರಿ ಬಂದ ಬಗೆ

ಎಂಜಿನ್ನನ್ನು ತಿರುಗಿಸಿ ಎಬ್ಬಿಸುವ ಬ್ಯಾಟರಿ ಟ್ರ್ಯಾಕ್ಟರಿನ ಜೊತೆಯಲ್ಲೇ ಹುಟ್ಟಿದ್ದಲ್ಲ. ಅಮೆರಿಕದ ಅಯೋವಾದಲ್ಲಿ ಜಾನ್ ಫ್ರೋಲಿಕ್ ಪೆಟ್ರೋಲ್ ಎಂಜಿನ್ನಿನ ಟ್ರ್ಯಾಕ್ಟರ್ ಕಟ್ಟಿದ್ದು 1892ರಲ್ಲಿ. ಅಲ್ಲಿಂದ ಮುಂದೆ ಸುಮಾರು 40 ವರ್ಷ ಟ್ರ್ಯಾಕ್ಟರನ್ನು ಎಬ್ಬಿಸಿದ್ದು ಮನುಷ್ಯನ ರಟ್ಟೆಯೇ. 1917ರಲ್ಲಿ ಬಂದ ಫೋರ್ಡ್‌ಸನ್ ಸಣ್ಣ ರೈತನ ಕೈಗೂ ಎಟುಕಿದ ಟ್ರ್ಯಾಕ್ಟರ್. ಅದರ ಕಿಡಿಗೆ ಬೇಕಾದ ವಿದ್ಯುತ್ತು ಫ್ಲೈವೀಲಿಗೆ ಕೂರಿಸಿದ ಅಯಸ್ಕಾಂತಗಳಿಂದ, ಅಂದರೆ ಮ್ಯಾಗ್ನೆಟೊದಿಂದ, ಹುಟ್ಟುತ್ತಿತ್ತು. ಮುಂದಿನ ಹ್ಯಾಂಡಲ್ ತಿರುಗಿಸಿದರೆ ಕಿಡಿ, ಕಿಡಿ ಹತ್ತಿದರೆ ಎಂಜಿನ್. ಹಲವು ತಿಂಗಳು ಕೊಟ್ಟಿಗೆಯಲ್ಲಿ ನಿಂತ ಫೋರ್ಡ್‌ಸನ್ ಕೂಡ ಹೊರಗಿನ ವಿದ್ಯುತ್ತನ್ನು ಬೇಡುತ್ತಿರಲಿಲ್ಲ.

ಬೇಡುತ್ತಿದ್ದದ್ದು ತಿರುಗಿಸುವವನ ಎಚ್ಚರವನ್ನು. ಕಿಡಿ ಬೇಗ ಹತ್ತಿಬಿಟ್ಟರೆ ಪಿಸ್ಟನ್ ಹಿಂದಕ್ಕೆ ಒದೆಯುತ್ತದೆ, ಹ್ಯಾಂಡಲ್ ಅದೇ ವೇಗದಲ್ಲಿ ತಿರುಗಿ ಬಂದು ಮಣಿಕಟ್ಟನ್ನು ಮುರಿಯುತ್ತದೆ. ಆದ್ದರಿಂದ ಮೊದಲು ಕಿಡಿಯ ಲಿವರನ್ನು ತಡಕ್ಕೆ ಇಡಬೇಕಿತ್ತು. ಹ್ಯಾಂಡಲನ್ನು ಮುಷ್ಟಿ ಕಟ್ಟಿ ಹಿಡಿಯುವಂತಿರಲಿಲ್ಲ. ಹೆಬ್ಬೆರಳೂ ಉಳಿದ ನಾಲ್ಕು ಬೆರಳುಗಳ ಮಗ್ಗುಲಲ್ಲೇ ಇರಬೇಕು, ಒದೆ ಬಂದರೆ ಕೈ ತಾನಾಗಿ ಜಾರಿ ಬಿಡಬೇಕು. ಕೆಳಗಿನಿಂದ ಮೇಲಕ್ಕೆ ಎಳೆಯಬೇಕೇ ಹೊರತು ಮೇಲಿನಿಂದ ಭಾರ ಬಿಟ್ಟು ಒತ್ತಬಾರದು. ಕೈ ಮುರಿದುಕೊಂಡವರನ್ನು ಕಂಡು ಕಲಿತ ಈ ಪಾಠ ದೇಶದಿಂದ ದೇಶಕ್ಕೆ ಯಂತ್ರದ ಜೊತೆಗೇ ಸಾಗಿತು.

ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ ಫ್ರಿಟ್ಸ್ ಹ್ಯೂಬರ್ ರೂಪಿಸಿ, 1921ರಲ್ಲಿ ಹೊರಬಂದ ಲಾನ್ಸ್ ಬುಲ್‌ಡಾಗ್ ಇನ್ನೊಂದು ದಾರಿ ಹಿಡಿಯಿತು. ಒಂದೇ ದೊಡ್ಡ ಸಿಲಿಂಡರ್; ಅದರ ತಲೆಯಲ್ಲೊಂದು ಉಕ್ಕಿನ ಗುಂಡು. ಆ ಗುಂಡಿನ ಕೆಳಗೆ ಬ್ಲೋಲ್ಯಾಂಪ್ ಹಚ್ಚಿ ಅದು ಕೆಂಪಗಾಗುವವರೆಗೆ ಹಲವು ನಿಮಿಷ ಕಾಯಬೇಕು. ನಂತರ ಸ್ಟೀರಿಂಗ್ ಚಕ್ರವನ್ನೇ ಅದರ ದಂಡದ ಸಮೇತ ಕಿತ್ತು, ಪಕ್ಕದ ಫ್ಲೈವೀಲಿಗೆ ಸಿಕ್ಕಿಸಿ, ಹಿಂದಕ್ಕೂ ಮುಂದಕ್ಕೂ ತೂಗಿ ಬಿಡಬೇಕು. ಎಂಜಿನ್ ಎದ್ದ ಮೇಲೆ ಸ್ಟೀರಿಂಗ್ ಮತ್ತೆ ತನ್ನ ಜಾಗಕ್ಕೆ. ಕೆಲವೊಮ್ಮೆ ಎಂಜಿನ್ ಉಲ್ಟಾ ದಿಕ್ಕಿಗೆ ತಿರುಗಲು ಶುರುವಾಗುತ್ತಿತ್ತು. ಆಗ ಮುಂದಿನ ಗೇರಿನಲ್ಲಿ ಟ್ರ್ಯಾಕ್ಟರ್ ಹಿಂದಕ್ಕೆ ಹೋಗುತ್ತಿತ್ತು. ಇಷ್ಟು ಕಷ್ಟವಿದ್ದರೂ ಕಳಪೆ ಎಣ್ಣೆಯಲ್ಲೂ ಓಡುವ ಈ ಯಂತ್ರವನ್ನು ಯುರೋಪಿನ ರೈತರು ದಶಕಗಟ್ಟಲೆ ಬಿಡಲಿಲ್ಲ.

ಬ್ಯಾಟರಿ ಆ ವೇಳೆಗಾಗಲೇ ಹಳೆಯ ವಸ್ತು. ಸೀಸದ ತಗಡು ಮತ್ತು ಆಸಿಡ್ ಸೇರಿಸಿ ಗಾಸ್ಟನ್ ಪ್ಲಾಂಟೆ ಅದನ್ನು ಕಟ್ಟಿದ್ದು 1859ರಲ್ಲಿ. ಅದನ್ನು ಎಂಜಿನ್ ಎಬ್ಬಿಸಲು ಹಚ್ಚಿದ ಯಶಸ್ಸು ಚಾರ್ಲ್ಸ್ ಕೆಟರಿಂಗ್‌ನದು. ಕ್ಯಾಶ್ ರಿಜಿಸ್ಟರ್ ಯಂತ್ರಕ್ಕೆ ಪುಟ್ಟ ಮೋಟಾರ್ ರೂಪಿಸಿದ್ದ ಅವನಿಗೆ ಒಂದು ಸಂಗತಿ ಹೊಳೆದಿತ್ತು: ಕೆಲವೇ ಸೆಕೆಂಡು ದುಡಿಯುವ ಮೋಟಾರಿನಿಂದ ಅದರ ಅಳತೆಗೆ ಮೀರಿದ ಕೆಲಸ ತೆಗೆಯಬಹುದು. 1912ರ ಕ್ಯಾಡಿಲಾಕ್ ಕಾರುಗಳಿಗೆ ಅವನ ಸೆಲ್ಫ್ ಸ್ಟಾರ್ಟರ್ ಬಂತು. ಸೆಲ್ಫ್ ಮೋಟಾರನ್ನು ಕೆಲವೇ ಸೆಕೆಂಡು ಒತ್ತಿ ಬಿಡಬೇಕು, ನಡುವೆ ತಣಿಯಲು ಬಿಡಬೇಕು ಎಂಬ ಇಂದಿನ ನಿಯಮದ ಬೇರು ಇಲ್ಲಿದೆ. ಬಿಡದೆ ಒತ್ತಿದರೆ ಮೋಟಾರಿನ ವೈಂಡಿಂಗ್ ಸುಡುತ್ತದೆ.

ಹೊಲಕ್ಕೆ ಸೆಲ್ಫ್ ಬಂದದ್ದು ತಡವಾಗಿ. 1939ರ ಫೋರ್ಡ್ 9ಎನ್‌ಗೆ 6 ವೋಲ್ಟಿನ ಬ್ಯಾಟರಿ, ಡೈನಮೊ, ಸೆಲ್ಫ್ ಮೂರೂ ಇದ್ದವು. ಎರಡನೇ ಮಹಾಯುದ್ಧದಲ್ಲಿ ತಾಮ್ರ, ರಬ್ಬರು ಎರಡಕ್ಕೂ ಬರ ಬಂತು. 1942ರಲ್ಲಿ ಅದೇ ಟ್ರ್ಯಾಕ್ಟರ್ 2ಎನ್ ಎಂಬ ಹೆಸರಿನಲ್ಲಿ ಕಬ್ಬಿಣದ ಗಾಲಿ, ಮ್ಯಾಗ್ನೆಟೊ, ಕೈ ಹ್ಯಾಂಡಲ್ ಹೊತ್ತು ಹೊರಬಂತು. ಯುದ್ಧ ಮುಗಿದು 1946ರಲ್ಲಿ ಇಂಗ್ಲೆಂಡಿನ ಕಾವೆಂಟ್ರಿಯಿಂದ ಬಂದ ಫರ್ಗುಸನ್ ಟಿಇ20ಯಲ್ಲಿ ಗೇರ್ ಲಿವರನ್ನೇ ‘ಎಸ್’ ಗುರುತಿಗೆ ಸರಿಸಿದರೆ ಸೆಲ್ಫ್ ಹೊಡೆಯುತ್ತಿತ್ತು. ಗೇರು ಬಿದ್ದಿರುವಾಗ ಎಂಜಿನ್ ಎದ್ದು ಟ್ರ್ಯಾಕ್ಟರ್ ಮುನ್ನುಗ್ಗುವ ಅಪಾಯ ಅದರಿಂದ ತಪ್ಪಿತು. ಇಂದು ಸ್ಕ್ರೂಡ್ರೈವರಿನಿಂದ ಸೆಲ್ಫ್ ಮೋಟಾರಿನ ಎರಡು ತುದಿ ಮುಟ್ಟಿಸಿ ಎಂಜಿನ್ ಎಬ್ಬಿಸುವವರು ಆ ರಕ್ಷಣೆಯನ್ನೇ ದಾಟುತ್ತಾರೆ. ನೆಲದ ಮೇಲೆ, ದೊಡ್ಡ ಗಾಲಿಯ ಮುಂದೆ ನಿಂತು ಹೀಗೆ ಮಾಡಿದವರು ತಮ್ಮದೇ ಟ್ರ್ಯಾಕ್ಟರಿನಡಿ ಸಿಕ್ಕಿ ಸತ್ತದ್ದುಂಟು. ಬ್ಯಾಟರಿ ಕೈಕೊಟ್ಟಾಗ ಮಾಡುವ ಕೆಲಸಗಳಲ್ಲಿ ಇದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ.

ಡೈನಮೊ ಕಾಲದ ಟ್ರ್ಯಾಕ್ಟರುಗಳು ತಮ್ಮದೇ ಕಾಯಿಲೆಗಳನ್ನು ತಂದವು. ಫರ್ಗುಸನ್ ಟಿಇ20 ಮತ್ತು ಫೋರ್ಡ್ ಎನ್ ಸರಣಿ, ಎರಡರಲ್ಲೂ ಬ್ಯಾಟರಿಯ ಪ್ಲಸ್ ತುದಿಯೇ ಬಾಡಿಗೆ ಅರ್ತ್. ಮೈನಸ್ ಅರ್ತ್‌ಗೆ ಒಗ್ಗಿದ ಕೈ ಹೊಸ ಬ್ಯಾಟರಿಯನ್ನು ಉಲ್ಟಾ ಜೋಡಿಸಿದರೂ ಎಂಜಿನ್ ಏಳುತ್ತದೆ, ಆದರೆ ಚಾರ್ಜಿಂಗ್ ಹದಗೆಡುತ್ತದೆ. ಡೈನಮೊ ವಿದ್ಯುತ್ತು ಹುಟ್ಟಿಸಲು ಅದರ ಕಬ್ಬಿಣದಲ್ಲಿ ಸ್ವಲ್ಪ ಕಾಂತಶಕ್ತಿ ಉಳಿದಿರಬೇಕು. ಬಹಳ ದಿನ ನಿಂತಾಗ ಅದು ಕ್ಷೀಣಿಸುತ್ತದೆ, ಉಲ್ಟಾ ಜೋಡಣೆಯಿಂದ ದಿಕ್ಕು ತಪ್ಪುತ್ತದೆ. ಬ್ಯಾಟರಿಯ ವಿದ್ಯುತ್ತನ್ನು ಡೈನಮೊಗೆ ಕ್ಷಣಮಾತ್ರ ಹಾಯಿಸಿ ಅದನ್ನು ಸರಿಪಡಿಸುವುದು ಹಳೆಯ ಆಟೊ ಎಲೆಕ್ಟ್ರಿಷಿಯನ್ನರ ನಿತ್ಯದ ಕೆಲಸವಾಗಿತ್ತು.

ಡೀಸೆಲ್ ಎಂಜಿನ್ ಈ ಚರಿತ್ರೆಯ ದೊಡ್ಡ ತಿರುವು. ಕಿಡಿ ಬೇಡ, ಗಾಳಿಯನ್ನು ಹದಿನಾರು, ಹದಿನೇಳು ಪಾಲು ಕುಗ್ಗಿಸಿ, ಆ ಕಾವಿಗೆ ಡೀಸೆಲ್ ಚಿಮುಕಿಸಿದರೆ ಸಾಕು. ಆದರೆ ದೊಡ್ಡ ಎಂಜಿನ್ನಿನಲ್ಲಿ ಅಷ್ಟು ಕುಗ್ಗಿಸುವ ಶಕ್ತಿ ರಟ್ಟೆಗಿಲ್ಲ. 1931ರಲ್ಲಿ ಬಂದ ಕ್ಯಾಟರ್‌ಪಿಲ್ಲರ್ ಡೀಸೆಲ್ ಟ್ರ್ಯಾಕ್ಟರಿಗೆ ಪಕ್ಕದಲ್ಲೇ ಪುಟ್ಟ ಪೆಟ್ರೋಲ್ ಎಂಜಿನ್ ಇತ್ತು. ಅದನ್ನು ಮೊದಲು ಎಬ್ಬಿಸಿ, ಅದರಿಂದ ದೊಡ್ಡದನ್ನು ತಿರುಗಿಸುತ್ತಿದ್ದರು. ಇಂಗ್ಲೆಂಡಿನ ಫೀಲ್ಡ್ ಮಾರ್ಷಲ್ ಟ್ರ್ಯಾಕ್ಟರಿನಲ್ಲಿ ಹೊಗೆಯಾಡುವ ಕಾಗದದ ತುಂಡನ್ನು ಸಿಲಿಂಡರಿನ ತಲೆಗೆ ಸಿಕ್ಕಿಸಿ, ಬಂದೂಕಿನ ತೋಟೆಯಂಥದನ್ನು ಸುತ್ತಿಗೆಯಿಂದ ಬಡಿದು ಸಿಡಿಸಿ ಎಂಜಿನ್ ಎಬ್ಬಿಸಬಹುದಿತ್ತು. ಕೊನೆಗೆ ಗೆದ್ದದ್ದು ದೊಡ್ಡ ಬ್ಯಾಟರಿ ಮತ್ತು ಬಲವಾದ ಸೆಲ್ಫ್ ಮೋಟಾರ್.

ಸ್ವತಂತ್ರ ಭಾರತದಲ್ಲಿ 1947ರಲ್ಲಿ ಹುಟ್ಟಿದ ಕೇಂದ್ರ ಟ್ರ್ಯಾಕ್ಟರ್ ಸಂಸ್ಥೆ ಅಮೆರಿಕನ್ ಸೈನ್ಯ ಬಿಟ್ಟುಹೋದ ಯಂತ್ರಗಳಿಂದ ಮಧ್ಯ ಭಾರತದ ಕಾಂಸ್ ಹುಲ್ಲಿನ ನೆಲವನ್ನು ಉತ್ತಿತು. ದೇಶದಲ್ಲೇ ಟ್ರ್ಯಾಕ್ಟರ್ ತಯಾರಿಕೆ 1959ರಲ್ಲಿ ಫರೀದಾಬಾದಿನ ಐಶರ್‌ನಿಂದ ಶುರುವಾಯಿತು. ಅರವತ್ತರ ದಶಕದಲ್ಲಿ ಮದರಾಸಿನ ಟಾಫೆ, ಎಸ್ಕಾರ್ಟ್ಸ್, ಮಹೀಂದ್ರದ ಇಂಟರ್‌ನ್ಯಾಷನಲ್ ಸೇರಿದವು. 1971ರಲ್ಲಿ ಎಚ್‌ಎಂಟಿ ಪಿಂಜೋರಿನಲ್ಲಿ, 1974ರಲ್ಲಿ ಸ್ವರಾಜ್ ಮೊಹಾಲಿಯಲ್ಲಿ ಟ್ರ್ಯಾಕ್ಟರ್ ಕಟ್ಟತೊಡಗಿದವು. ಕರ್ನಾಟಕದ ಪಾಲು ಬೇರೆ ಬಗೆಯದು. 1967ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವಿ.ಎಸ್.ಟಿ. ಕಂಪನಿ ಜಪಾನಿನ ಮಿತ್ಸುಬಿಷಿಯ ಸಹಯೋಗದಲ್ಲಿ ಪವರ್ ಟಿಲ್ಲರ್ ತಯಾರಿಸಿತು. ಮಲೆನಾಡು, ಕರಾವಳಿಯ ಗದ್ದೆಗಳಲ್ಲಿ ಟಿಲ್ಲರ್ ಓಡಿಸಿದವರ ಕೈಗೆ ಹ್ಯಾಂಡಲ್ ಚೆನ್ನಾಗಿ ಗೊತ್ತು. ಒಂದು ಕೈಯಲ್ಲಿ ಸಿಲಿಂಡರಿನ ಒತ್ತಡ ಬಿಡಿಸುವ ಡಿಕಂಪ್ರೆಷನ್ ಲಿವರ್ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಹ್ಯಾಂಡಲ್ ತಿರುಗಿಸಿ ವೇಗ ಏರಿಸಿ, ಲಿವರ್ ಬಿಟ್ಟೊಡನೆ ಎಂಜಿನ್ ಹಿಡಿಯುತ್ತದೆ. ಎಂಜಿನ್ ಎಬ್ಬಿಸಲು ಬ್ಯಾಟರಿ ಬೇಡದ ಪರಂಪರೆ ಟ್ರ್ಯಾಕ್ಟರಿನಲ್ಲಿ ಮುಗಿದ ಮೇಲೂ ಟಿಲ್ಲರಿನಲ್ಲಿ ಮುಂದುವರಿಯಿತು.

ಟ್ರ್ಯಾಕ್ಟರ್ ಇಟ್ಟವರು ಇಳಿಜಾರಿನ ಮೊರೆ ಹೋದರು. ಬ್ಯಾಟರಿ ವೀಕ್ ಆದ ಯಂತ್ರವನ್ನು ರಾತ್ರಿ ದಿಬ್ಬದ ಮೇಲೆ ನಿಲ್ಲಿಸಿ, ಬೆಳಿಗ್ಗೆ ಗೇರಿಗೆ ಹಾಕಿ ಉರುಳಲು ಬಿಟ್ಟು ಕ್ಲಚ್ ಬಿಡುವುದು ಹಳ್ಳಿಗಳಲ್ಲಿ ರೂಢಿಯಾಯಿತು. ಯಾಂತ್ರಿಕ ಪಂಪಿನ ಡೀಸೆಲ್ ಎಂಜಿನ್ ಒಮ್ಮೆ ಹಿಡಿದರೆ ವಿದ್ಯುತ್ತಿಲ್ಲದೆಯೇ ಓಡುತ್ತದೆ, ಸ್ಟಾಪ್ ಗುಬ್ಬಿ ಎಳೆದರಷ್ಟೇ ನಿಲ್ಲುತ್ತದೆ. ಹಾಗಾಗಿ ರೂಢಿ ಫಲ ಕೊಟ್ಟಿತು. ಅಡ್ಡ ಪರಿಣಾಮವೂ ಇತ್ತು: ಬ್ಯಾಟರಿಯನ್ನು ಯಾರೂ ಕೇಳದಾದರು. ಟ್ರ್ಯಾಕ್ಟರ್ ವರ್ಷವಿಡೀ ಓಡುವ ವಾಹನವಲ್ಲ. ಬಿತ್ತನೆ, ಉಳುಮೆ ಮುಗಿದರೆ ತಿಂಗಳುಗಟ್ಟಲೆ ನಿಲ್ಲುತ್ತದೆ. ಚಾರ್ಜ್ ಇಳಿದ ಬ್ಯಾಟರಿ ಹಾಗೇ ನಿಂತರೆ ತಗಡುಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಚಾರ್ಜ್ ಮಾಡಿದರೂ ಅದು ಪೂರ್ತಿ ಕರಗುವುದಿಲ್ಲ.

ಈ ಯಾಂತ್ರಿಕ ಡೀಸೆಲ್ ಕಾಲದಲ್ಲೇ ಬ್ಯಾಟರಿ ಡೌನ್ ಆದ ಟ್ರ್ಯಾಕ್ಟರನ್ನು ಪರೀಕ್ಷಿಸುವ ಕ್ರಮ ಗಟ್ಟಿಯಾಯಿತು. ನಿಂತ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12ಕ್ಕೆ ಇಳಿದಿದ್ದರೆ ಹೆಚ್ಚುಕಡಿಮೆ ಖಾಲಿ. ವೋಲ್ಟೇಜ್ ಸರಿಯಿದ್ದೂ ಸೆಲ್ಫ್ ‘ಟಕ್’ ಎಂದು ನಿಂತರೆ ಬಿಳಿ ಹುಡಿ ಹಿಡಿದ ಟರ್ಮಿನಲ್ ಅಥವಾ ಸಡಿಲವಾದ ಅರ್ತ್ ವೈರ್ ಕಾರಣವಾಗಿರುವುದೇ ಹೆಚ್ಚು. ಸೆಲ್ಫ್ ನಿಧಾನವಾಗಿ ತಿರುಗಿದರೆ ಕುಗ್ಗಿದ ಗಾಳಿಯ ಕಾವು ಸಿಲಿಂಡರಿನ ಗೋಡೆಗೆ ಸೋರಿ ಡೀಸೆಲ್ ಹೊತ್ತುವುದಿಲ್ಲ. ಇಲ್ಲಿ ಸೈಲೆನ್ಸರನ್ನು ನೋಡಬೇಕು. ಬಿಳಿ ಹೊಗೆ ಬಂದರೆ ಡೀಸೆಲ್ ತಲುಪುತ್ತಿದೆ, ಕಾವು ಸಾಲದು. ಹೊಗೆಯೇ ಇಲ್ಲದಿದ್ದರೆ ಡೀಸೆಲ್ಲೇ ಬರುತ್ತಿಲ್ಲ. ಬಹುತೇಕ ಲೈನು ಏರ್ ಹಿಡಿದಿರುತ್ತದೆ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಕೈಪಂಪು ಒತ್ತಿ, ಆಮೇಲೆ ಪಂಪಿನ ಬಳಿ, ಕೊನೆಗೆ ನಾಜಲ್ ಪೈಪಿನ ಬಳಿ ಹೀಗೇ ಏರ್ ತೆಗೆಯಬೇಕು. ಎಷ್ಟೋ ಸಲ ಮೊದಲು ಕೆಟ್ಟದ್ದು ಬ್ಯಾಟರಿಯಲ್ಲ. ಏರ್ ಹಿಡಿದ ಎಂಜಿನ್ನಿಗೆ ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿಯನ್ನು ಖಾಲಿ ಮಾಡಿರುತ್ತಾರೆ. ಏರ್ ತೆಗೆಯದೆ ಹೊಸ ಬ್ಯಾಟರಿ ತಂದರೆ ಅದಕ್ಕೂ ಅದೇ ಗತಿ.

ಡೈನಮೊ ಹೋಗಿ ಆಲ್ಟರ್ನೇಟರ್ ಬಂದ ಮೇಲೆ ಹಳೆಯ ರೂಢಿಗಳೇ ಹಾನಿ ಮಾಡತೊಡಗಿದವು. ಓಡುವ ಎಂಜಿನ್ನಿನಿಂದ ಬ್ಯಾಟರಿ ಕಳಚಿ ಇನ್ನೊಂದಕ್ಕೆ ಹಾಕಿದರೆ ವೋಲ್ಟೇಜ್ ಒಮ್ಮೆಲೇ ಏರಿ ಡಯೋಡ್‌ಗಳು ಸುಡುತ್ತವೆ. ಪ್ಲಸ್ ಮೈನಸ್ ಅದಲುಬದಲಾದರೂ ಅದೇ ಕಥೆ. ತಳ್ಳಿ ಎಬ್ಬಿಸಿದರೂ, ಬ್ಯಾಟರಿ ಪೂರ್ತಿ ಸತ್ತಿದ್ದರೆ ಎಷ್ಟೋ ಆಲ್ಟರ್ನೇಟರುಗಳು ಚಾರ್ಜ್ ಶುರುವಿಡುವುದೇ ಇಲ್ಲ, ಏಕೆಂದರೆ ಅವುಗಳ ಕಾಂತಕ್ಕೆ ಮೊದಲ ವಿದ್ಯುತ್ತು ಬ್ಯಾಟರಿಯಿಂದಲೇ ಬರಬೇಕು. ಡೀಸೆಲ್ ತಡೆಯುವ ಸೊಲೆನಾಯ್ಡ್ ಬಂದ ಟ್ರ್ಯಾಕ್ಟರುಗಳಲ್ಲಿ ಕರೆಂಟ್ ಇಲ್ಲದಿದ್ದರೆ ಡೀಸೆಲ್ ದಾರಿಯೇ ತೆರೆಯುವುದಿಲ್ಲ. ದಿಬ್ಬ ಎಷ್ಟು ಎತ್ತರವಿದ್ದರೂ ಪ್ರಯೋಜನವಿಲ್ಲ.

ಭಾರತದಲ್ಲಿ 50 ಎಚ್‌ಪಿ ಮೀರಿದ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಹೊಸ ಹೊಗೆ ನಿಯಮ ಜಾರಿಗೆ ಬಂದಿದೆ. ಅದನ್ನು ಪಾಲಿಸಲು ಬಂದ ಕಾಮನ್ ರೈಲ್ ಎಂಜಿನ್ನುಗಳಲ್ಲಿ ಡೀಸೆಲ್ ಯಾವಾಗ, ಎಷ್ಟು ಎಂದು ಹೇಳುವುದು ಎಲೆಕ್ಟ್ರಾನಿಕ್ ಪೆಟ್ಟಿಗೆ. ಅಂಥ ಟ್ರ್ಯಾಕ್ಟರನ್ನು ಎಳೆದು, ತಳ್ಳಿ ಎಬ್ಬಿಸಲು ಹೋಗಬಾರದು. ಇನ್ನೊಂದು ಬ್ಯಾಟರಿಯಿಂದ ಜೋಡಿಸುವುದಾದರೆ ಪ್ಲಸ್‌ಗೆ ಪ್ಲಸ್ ಮೊದಲು. ಕಪ್ಪು ವೈರಿನ ಕೊನೆಯ ತುದಿಯನ್ನು ಸತ್ತ ಬ್ಯಾಟರಿಗೆ ಹಾಕದೆ ದೂರದ ಎಂಜಿನ್ ಬಾಡಿಗೆ ಹಾಕಬೇಕು, ಬ್ಯಾಟರಿಯಿಂದ ಏಳುವ ಹೈಡ್ರೋಜನ್ ಆ ಕಿಡಿಗೆ ಸಿಡಿಯಬಲ್ಲದು. ಟ್ರ್ಯಾಕ್ಟರಿಗೆ ಕೆಲಸವಿಲ್ಲದ ತಿಂಗಳುಗಳಲ್ಲಿ ಬ್ಯಾಟರಿಯ ಅರ್ತ್ ಕಳಚಿಡಿ, ಡಿಸ್ಟಿಲ್ಡ್ ವಾಟರ್ ನೋಡಿ, ತಿಂಗಳಿಗೊಮ್ಮೆ ಚಾರ್ಜಿಗೆ ಹಾಕಿಸಿ.